ಹದಿನೆಂಟು ನಿಮಿಷದ ಡ್ರೈವರ್

ಹಾಕಿ ಎಂದರೆ ನಮಗೆ ನೆನಪಾಗುವುದು ಕೊಡಗು, ಹಸಿರು ಟರ್ಫ್. ಅಮೆರಿಕ, ಕೆನಡಾದವರಿಗೆ ಹಾಕಿ ಎಂದರೆ ಐಸ್ ಹಾಕಿ. ಅಲ್ಲಿನ ನ್ಯಾಷನಲ್ ಹಾಕಿ ಲೀಗ್ ಪಂದ್ಯದಲ್ಲಿ 20 ನಿಮಿಷಗಳ ಮೂರು ಅವಧಿ, ನಡುವೆ 18 ನಿಮಿಷದ ವಿರಾಮ. ಆಟಗಾರರು ಒಳಗೆ ಹೋದ ಕೂಡಲೇ ಎರಡು ದೊಡ್ಡ ಗಾಡಿಗಳು ಅಂಕಣಕ್ಕೆ ಇಳಿಯುತ್ತವೆ. ಸ್ಕೇಟ್‌ಗಳಿಂದ ಗೀರುಬಿದ್ದ ಐಸನ್ನು ಕನ್ನಡಿಯಂತೆ ಮಾಡಿ ಹೊರಟುಹೋಗುತ್ತವೆ. ಜನ ಈ ಗಾಡಿಯನ್ನು ಕರೆಯುವುದು ‘ಜಾಂಬೋನಿ’ ಎಂದು.

ಯೂಟ್ಯೂಬ್‌ನಲ್ಲಿ ಇದನ್ನು ನೋಡಿದಾಗ ನನಗೆ ಹುಟ್ಟಿದ ಪ್ರಶ್ನೆ: ಆ ಸೀಟಿನಲ್ಲಿ ಕೂರಲು ಏನು ಓದಿರಬೇಕು?

ಇದಕ್ಕೆಂದೇ ಡಿಗ್ರಿ ಇಲ್ಲ. ಹೆಚ್ಚಿನವರು ಊರಿನ ಸಣ್ಣ ರಿಂಕ್‌ನಲ್ಲಿ ಕಸ ಗುಡಿಸುತ್ತಾ, ಸ್ಕೇಟ್ ಬಾಡಿಗೆಗೆ ಕೊಡುತ್ತಾ, ರಾತ್ರಿ ಪಾಳಿ ಮಾಡುತ್ತಾ ಶುರು ಮಾಡುತ್ತಾರೆ. ಜನರಿಲ್ಲದ ಹೊತ್ತಿನಲ್ಲಿ ಹಿರಿಯರಿಂದ ಗಾಡಿ ಕಲಿಯುತ್ತಾರೆ. ಕೈ ಪಳಗಿದ ಮೇಲಷ್ಟೇ ದೊಡ್ಡ ಅಂಕಣ.

ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನಗೆ ಆ ಗಾಡಿ ಪಠ್ಯಪುಸ್ತಕದಂತೆ ಕಂಡಿತು. ಹಿಂಭಾಗದ ಬ್ಲೇಡ್ ಐಸನ್ನು ತೆಳುವಾಗಿ ಹೆರೆಯುತ್ತದೆ. ಸ್ಕ್ರೂ ಕನ್ವೇಯರ್ ಆ ಪುಡಿಯನ್ನು ತೊಟ್ಟಿಗೆ ಎತ್ತುತ್ತದೆ. ಕೊನೆಗೆ ಒಂದು ಬಟ್ಟೆ ಬಿಸಿನೀರನ್ನು ಹರಡುತ್ತದೆ. ಬಿಸಿನೀರೇ ಏಕೆ? ಅದು ಮೇಲ್ಪದರವನ್ನು ಕೊಂಚ ಕರಗಿಸಿ ಬೆಸೆದುಕೊಳ್ಳುತ್ತದೆ. ಅದರಲ್ಲಿ ಕರಗಿದ ಗಾಳಿಯೂ ಕಡಿಮೆ. ಇಡೀ ಐಸಿನ ದಪ್ಪ ಒಂದಿಂಚು ಚಿಲ್ಲರೆ ಅಷ್ಟೇ. ಬ್ಲೇಡ್ ಆಳಕ್ಕೆ ಇಳಿದರೂ, ಬಿಸಿನೀರು ಒಂದೇ ಕಡೆ ನಿಂತರೂ ಕೆಲಸ ಕೆಟ್ಟಿತು. ಅದೂ ಸಾವಿರಾರು ಪ್ರೇಕ್ಷಕರ ಎದುರು!

ಇದನ್ನು ಕಂಡುಹಿಡಿದ ಫ್ರಾಂಕ್ ಜಾಂಬೋನಿ ಹೈಸ್ಕೂಲೂ ಮುಗಿಸಿರಲಿಲ್ಲ. ಫ್ರಿಜ್‌ಗಳು ಬಂದು ಅವರ ಐಸ್‌ಗಡ್ಡೆ ವ್ಯಾಪಾರ ಕುಸಿಯತೊಡಗಿದಾಗ, ಆ ಅನುಭವವನ್ನೇ ನಂಬಿ 1940ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಂಕ್ ತೆರೆದರು. ಹಲವು ಆಳುಗಳು ಗಂಟೆಗೂ ಹೆಚ್ಚು ಹೊತ್ತು ಮಾಡುತ್ತಿದ್ದ ಕೆಲಸವನ್ನು ನಿಮಿಷಗಳಿಗೆ ಇಳಿಸಲು ವರ್ಷಗಟ್ಟಲೆ ಹೆಣಗಿ, 1949ರಲ್ಲಿ ಗೆದ್ದರು.

ಡ್ರೈವರ್ ಕೆಲಸ ಸ್ಟೀರಿಂಗ್‌ಗೆ ಮುಗಿಯುವುದಿಲ್ಲ. ಅನೇಕ ರಿಂಕ್‌ಗಳಲ್ಲಿ ಶೀತಲೀಕರಣ ಘಟಕವನ್ನೂ ಅವರೇ ನೋಡಿಕೊಳ್ಳಬೇಕು. ಅಲ್ಲಿ ಬಳಸುವ ಅಮೋನಿಯಾ ಅಪಾಯಕಾರಿ. 2017ರಲ್ಲಿ ಕೆನಡಾದ ಫರ್ನಿ ಪಟ್ಟಣದ ರಿಂಕ್‌ನಲ್ಲಿ ಅಮೋನಿಯಾ ಸೋರಿ ಮೂವರು ಕೆಲಸಗಾರರು ಸತ್ತರು.

ಇನ್ನು ಡೇವಿಡ್ ಏಯರ್ಸ್ ಕಥೆ. ಟೊರೊಂಟೊದ ರಿಂಕ್ ಒಂದರಲ್ಲಿ ಐಸ್ ನೋಡಿಕೊಳ್ಳುತ್ತಾ ಜಾಂಬೋನಿ ಓಡಿಸುತ್ತಿದ್ದ, ಕಿಡ್ನಿ ಕಸಿ ಮಾಡಿಸಿಕೊಂಡಿದ್ದ 42ರ ವ್ಯಕ್ತಿ. 2020ರ ಫೆಬ್ರವರಿ 22ರಂದು ಕೆರೊಲಿನಾ ತಂಡದ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡಾಗ, ತುರ್ತು ಗೋಲ್‌ಕೀಪರ್ ಆಗಿ ಕಣಕ್ಕಿಳಿದರು. ಎಂಟು ಹೊಡೆತ ತಡೆದರು. ತಂಡ 6-3ರಿಂದ ಗೆದ್ದಿತು. ಇದು ಬರೀ ಅದೃಷ್ಟವಲ್ಲ. ಯಾರೂ ನೋಡದಿದ್ದಾಗಲೂ ಅವರು ಅಭ್ಯಾಸ ಬಿಟ್ಟಿರಲಿಲ್ಲ.

ನನ್ನ ಅಪ್ಪ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಾರೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಗೇಣು ನೆಲವೂ ಉಳಿಯದಂತೆ ಉಳುವುದು ಅವರ ಹೆಮ್ಮೆ. ‘ಬರೀ ಡ್ರೈವರ್ರಾ?’ ಎಂದು ಕೇಳುವವರಿಗೆ ಆ ಲೆಕ್ಕ ಕಾಣುವುದಿಲ್ಲ. ಮುಂದಿನ ವರ್ಷ ನಮ್ಮ ಕಾಲೇಜಿಗೆ ಪ್ಲೇಸ್‌ಮೆಂಟ್ ಕಂಪನಿಗಳು ಬರುತ್ತವೆ. ಎಲ್ಲರ ಕಣ್ಣು ಪ್ಯಾಕೇಜ್ ಮೇಲೆ. ಮನೆಯ ಸಾಲ ನೆನೆದರೆ ನನ್ನದೂ ಅಲ್ಲೇ. ಆದರೂ ಒಂದು ಮಾತು, ಗೆಳೆಯರೇ. ಕೆಲಸದ ಹೆಸರು ಕೇಳಿ ಮೂಗು ಮುರಿಯುವ ಮುನ್ನ, ಅದರಲ್ಲಿ ಕಲಿಯಲು ಏನಿದೆ ಎಂದು ಕೇಳೋಣ. ಸಣ್ಣ ಜಾಗದಲ್ಲಿ ಶುರು ಮಾಡಿದರೂ ಪರವಾಗಿಲ್ಲ, ಕೈಗೊಂದು ವಿದ್ಯೆ ಹತ್ತಬೇಕು.