ಬೆಳೆದವನ ನ್ಯಾಯಬೆಲೆ

‘ನ್ಯಾಯಬೆಲೆ’ ಎಂಬ ಮಾತು ಕನ್ನಡದಲ್ಲಿ ಬಹುಮಟ್ಟಿಗೆ ಪಡಿತರದ ಅಂಗಡಿಗೆ ಅಂಟಿಕೊಂಡಿದೆ. ಅಲ್ಲಿ ನ್ಯಾಯವೆಂದರೆ ಕೊಳ್ಳುವವನ ಪಾಲಿನ ನ್ಯಾಯ. ಪಾಶ್ಚಾತ್ಯ ದೇಶಗಳಲ್ಲಿ ‘ಫೇರ್ ಟ್ರೇಡ್’ ಎಂದು ಹೆಸರಾದ ವ್ಯವಸ್ಥೆಯಲ್ಲಾದರೋ ಈ ಮಾತು ಎದುರು ದಿಕ್ಕಿಗೆ ತಿರುಗುತ್ತದೆ: ಬೆಲೆಯು ಒಂದು ಮಟ್ಟಕ್ಕಿಂತ ಇಳಿಯದಂತೆ ಬೆಳೆದವನನ್ನು ಕಾಪಾಡುವುದು ಅದರ ಗುರಿ. ಅಂಥ ಸರಕನ್ನು ಕೊಳ್ಳುವುದರಿಂದ ಯಾರಿಗೇನು ಪ್ರಯೋಜನವೆಂಬುದನ್ನು, ಅದರ ಮುದ್ರೆಯ ಪದ್ಧತಿ ಮೊದಲು ಹುಟ್ಟಿದ ಕಾಫಿಯ ವ್ಯಾಪಾರದಲ್ಲಿಯೇ ಪರಿಶೀಲಿಸುವುದು ಲೇಸು.

ಮೆಕ್ಸಿಕೋ ದೇಶದ ಒವಾಹಾಕ ಪ್ರಾಂತದ ಗುಡ್ಡಗಾಡಿನಲ್ಲಿ ಝಪೋಟೆಕ್, ಮಿಹೆ ಮೊದಲಾದ ಮೂಲನಿವಾಸಿಗಳು ಸಣ್ಣ ಹಿಡುವಳಿಗಳಲ್ಲಿ ಕಾಫಿ ಬೆಳೆಯುತ್ತಾರೆ. ರಸ್ತೆಯೂ ಉಗ್ರಾಣವೂ ಇಲ್ಲದ ಹಳ್ಳಿಯವರಿಗೆ ಮಾರುಕಟ್ಟೆಯೆಂದರೆ ಮನೆಬಾಗಿಲಿಗೆ ಬರುವ ದಲ್ಲಾಳಿ. ಅವನಿಗೆ ಆ ಜನರಿಟ್ಟ ಹೆಸರು ‘ಕೊಯೋತೆ’. ಅದು ನಮ್ಮ ನರಿಯಂತೆ ಹೊಂಚುವ ಅಲ್ಲಿಯ ಒಂದು ಕಾಡುಪ್ರಾಣಿ. ಸಾಲ ಕೊಡುವವನೂ, ತೂಗುವವನೂ, ಬೆಲೆ ಹೇಳುವವನೂ ಒಬ್ಬನೇ ಆದಾಗ ಬೆಳೆಗಾರನಿಗೆ ಉಳಿಯುವ ಮಾತು ಯಾವುದು? 1980ರ ದಶಕದ ಮೊದಲಲ್ಲಿ ಅವರು ಕಟ್ಟಿಕೊಂಡ ಸಹಕಾರ ಸಂಘದ ಸಂಕ್ಷಿಪ್ತ ನಾಮ ‘ಉಸಿರಿ’. ಕನ್ನಡದ ಕಿವಿಗೆ ಅದು ‘ಉಸಿರು’ ಎಂದೇ ಕೇಳುತ್ತದೆ.

ಅವರೊಡನೆ ದುಡಿಯುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್ ಮತ್ತು ನೆದರ್ಲೆಂಡಿನ ‘ಸಾಲಿಡಾರಿಡಾಡ್’ ಸಂಸ್ಥೆಯ ನಿಕೋ ರೋಜನ್ ಕೂಡಿ 1988ರ ನವೆಂಬರಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ಮುದ್ರೆಯನ್ನು ಬಳಕೆಗೆ ತಂದರು. ಸಾಹಿತ್ಯದ ವಿದ್ಯಾರ್ಥಿಗಳು ಈ ಹೆಸರನ್ನು ಗಮನಿಸಬೇಕು. ಮುಲ್ತಾತುಲಿ ಎಂಬ ಅಂಕಿತದಲ್ಲಿ ಎಡುವಾರ್ಡ್ ಡೌವೆಸ್ ಡೆಕ್ಕರ್ 1860ರಲ್ಲಿ ಪ್ರಕಟಿಸಿದ ಡಚ್ ಕಾದಂಬರಿಯ ನಾಯಕನೇ ಮ್ಯಾಕ್ಸ್ ಹಾವೆಲಾರ್. ಜಾವಾ ದ್ವೀಪದಲ್ಲಿ ರೈತರ ಸುಲಿಗೆಯನ್ನು ಪ್ರತಿಭಟಿಸಿ ಹುದ್ದೆ ತೊರೆದ ಅಧಿಕಾರಿ. ಆಳಿದವರ ಭಾಷೆಯಲ್ಲಿ ಹುಟ್ಟಿದ ಆತ್ಮನಿಂದೆಯ ಕೃತಿಯೊಂದು ನೂರಿಪ್ಪತ್ತೆಂಟು ವರ್ಷಗಳ ಮೇಲೆ ಕಾಫಿಯ ಪೊಟ್ಟಣದ ಮೇಲೆ ಬಂದು ಕುಳಿತಿತು! ಸಾಹಿತ್ಯಕ್ಕೆ ಇಂಥ ಫಲ ಅಪರೂಪ.

ಮುದ್ರೆಯ ಕಟ್ಟಳೆಗಳಲ್ಲಿ ಮುಖ್ಯವಾದುವು ಎರಡು. ಒಂದು, ಪೇಟೆಯ ಬೆಲೆ ಎಷ್ಟೇ ಕುಸಿದರೂ ಸಂಘಕ್ಕೆ ಗೊತ್ತಾದ ಕನಿಷ್ಠ ಬೆಲೆ ಸಲ್ಲಬೇಕು. ಪೇಟೆಯ ಬೆಲೆ ಹೆಚ್ಚಿದ್ದರೆ ಆ ಹೆಚ್ಚಿನದೇ ಸಲ್ಲಬೇಕು. ಇನ್ನೊಂದು, ಅದರ ಮೇಲೆ ಸಮುದಾಯದ ಕಾರ್ಯಕ್ಕೆಂದು ಸೇರುವ ಅಧಿಕ ಧನ. ಅದರ ವಿನಿಯೋಗವನ್ನು ಸದಸ್ಯರೇ ಸಭೆ ಸೇರಿ ನಿರ್ಣಯಿಸುತ್ತಾರೆ. ಮೊದಲನೆಯದರ ಬೆಲೆ ಕಷ್ಟಕಾಲದಲ್ಲಿಯೇ ತಿಳಿಯುವಂಥದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲುಹಂಚಿಕೆ ಮುರಿದುಬಿದ್ದ ಮೇಲೆ ಪೇಟೆಗೆ ಕಟ್ಟುಪಾಡೇ ಇಲ್ಲವಾಯಿತು. 2001ರಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 50 ಸೆಂಟಿಗಿಂತ ಕೆಳಗಿಳಿಯಿತು. ಅದೇ ಕಾಲದಲ್ಲಿ ಮಧ್ಯ ಅಮೆರಿಕದ ಮುದ್ರೆಯ ಕಾಫಿಗೆ ಅಧಿಕ ಧನವೂ ಸೇರಿ 126 ಸೆಂಟು ಸಲ್ಲುತ್ತಿತ್ತು. ತೋಟವನ್ನು ಹಾಳುಬಿಟ್ಟು ವಲಸೆ ಹೋಗುವುದಕ್ಕೂ ಊರಿನಲ್ಲಿ ನಿಲ್ಲುವುದಕ್ಕೂ ನಡುವಣ ಅಂತರ ಇಷ್ಟೇ. 2023ರಲ್ಲಿ ಕನಿಷ್ಠ ಬೆಲೆಯನ್ನು 1.80 ಡಾಲರಿಗೆ ಏರಿಸಲಾಯಿತು; ಅಧಿಕ ಧನ 20 ಸೆಂಟು.

ಕೊಳ್ಳುವವನ ಮೇಲೆ ಇದರ ಹೊರೆ ಎಷ್ಟು? ಬಟ್ಟಲಿಗೆ 10 ಗ್ರಾಂ ಪುಡಿಯೆಂದು ಹಿಡಿದರೆ ಒಂದು ಪೌಂಡು ಹಸಿ ಬೀಜ ಹುರಿದ ಮೇಲೆ ಮೂವತ್ತೈದರಿಂದ ನಲವತ್ತು ಬಟ್ಟಲಾಗುತ್ತದೆ. ಅಧಿಕ ಧನ ಬಟ್ಟಲೊಂದಕ್ಕೆ ಅರ್ಧ ಸೆಂಟಿನ ಆಸುಪಾಸು. ಅಂಗಡಿಯಲ್ಲಿ ಬೆಲೆ ಇದಕ್ಕಿಂತ ಬಹಳ ಹೆಚ್ಚಿದ್ದರೆ ಆ ಹೆಚ್ಚಳವೆಲ್ಲ ಬೆಳೆಗಾರನಿಗೆ ಮುಟ್ಟಿತೆಂದು ಭಾವಿಸಲಾಗದು.

ಈ ವ್ಯವಸ್ಥೆಗೆ ಮಿತಿಗಳಿಲ್ಲದಿಲ್ಲ. ಸಂಘಗಳು ತಮ್ಮ ಬೆಳೆಯನ್ನೆಲ್ಲ ಈ ನಿಬಂಧನೆಯ ಮೇಲೆ ಮಾರಲಾರವು. ಕೊಳ್ಳುವವರು ಸಾಲದೆ ಉಳಿದದ್ದು ಸಾಮಾನ್ಯ ಪೇಟೆಗೇ ಹೋಗುತ್ತದೆ. ತಪಾಸಣೆಯ ಶುಲ್ಕವನ್ನು ಸಂಘವೇ ತೆರಬೇಕು. 2025ರ ಫೆಬ್ರವರಿಯಂತೆ ಪೇಟೆಯ ಬೆಲೆ 4 ಡಾಲರನ್ನು ಮೀರಿದಾಗ ಕನಿಷ್ಠ ಬೆಲೆಗೆ ಕೆಲಸವಿಲ್ಲ. ಆಗ ಸದಸ್ಯರೇ ಸಂಘವನ್ನು ಬಿಟ್ಟು ಹೊರಗಿನವನ ನಗದಿಗೆ ಕೈಚಾಚುವುದುಂಟು. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಸಣ್ಣ ಬೆಳೆಗಾರನ ತೋಟದಲ್ಲಿ ಹಣ್ಣು ಬಿಡಿಸುವ ಕೂಲಿಯವನದು. ಅವನು ಸಂಘದ ಸದಸ್ಯನಲ್ಲ, ಸಭೆಯಲ್ಲಿ ಅವನಿಗೆ ಮತವಿಲ್ಲ. ಪೊಟ್ಟಣದ ಮೇಲಿನ ಮುದ್ರೆ ಅವನ ದಿನಗೂಲಿಯವರೆಗೆ ಇನ್ನೂ ಸರಿಯಾಗಿ ಇಳಿದಿಲ್ಲ.