ನುಕ್ಕಡ್‌ನ ಜನ, ವಾಗ್ಲೆಯ ಸಂಸಾರ

ಮುಂಬೈ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಆದರೆ ಈ ಊರಿನ ಬೀದಿಯ ಬದುಕು ದೇಶದ ಮನೆಮನೆಗೂ ಹೊಕ್ಕದ್ದು 1986ರಲ್ಲಿ, ಸಯೀದ್ ಮಿರ್ಜಾ ಮತ್ತು ಕುಂದನ್ ಶಾ ಅವರ 'ನುಕ್ಕಡ್' ಧಾರಾವಾಹಿ ಬಂದಾಗ. ಅದರಲ್ಲಿ ನಾಯಕನೆಂದರೆ ಕರೆಂಟು ರಿಪೇರಿ ಮಾಡುವ ಗುರು. ಅವನ ಸುತ್ತ ಸೈಕಲ್ ಅಂಗಡಿಯ ಹರಿ, ಹೋಟೆಲಿನ ಕಾದರ್‌ಭಾಯಿ, ಸದಾ ಕುಡಿದು ತೂರಾಡುವ ಖೋಪ್ಡಿ. ಬಂಗಲೆಯಿಲ್ಲ, ಆಸ್ತಿ ಜಗಳವಿಲ್ಲ. ಬೀದಿ ಮೂಲೆಯಲ್ಲಿ ಕೂತು ಹರಟುವವರ ಕಷ್ಟಸುಖವೇ ಕಥೆ. ಎರಡು ವರ್ಷದ ನಂತರ ಆರ್.ಕೆ. ಲಕ್ಷ್ಮಣ್ ಅವರ ಪಾತ್ರಗಳನ್ನಿಟ್ಟುಕೊಂಡು ಕುಂದನ್ ಶಾ 'ವಾಗ್ಲೆ ಕಿ ದುನಿಯಾ' ಮಾಡಿದರು. ಅಂಜನ್ ಶ್ರೀವಾಸ್ತವರ ವಾಗ್ಲೆ ಸಂಬಳಕ್ಕೂ ಖರ್ಚಿಗೂ ತಾಳೆ ಹಾಕುವ ಸಾಧಾರಣ ಗುಮಾಸ್ತ.

ಇದ್ದದ್ದೇ ಒಂದು ಚಾನೆಲ್, ಜನ ನೋಡದೆ ಇನ್ನೇನು ಮಾಡಿಯಾರು ಎಂಬ ಆಕ್ಷೇಪ ಇದ್ದೇ ಇದೆ. ಮಾತು ಅರ್ಧ ನಿಜ. ನೋಡಿದ್ದಕ್ಕೆ ಅದು ಕಾರಣವಾದೀತು, ನೆನಪಿಟ್ಟುಕೊಂಡದ್ದಕ್ಕಲ್ಲ. ಅದೇ ಚಾನೆಲ್ಲಿನಲ್ಲಿ ಬಂದ ಎಷ್ಟೋ ಕಾರ್ಯಕ್ರಮಗಳ ಹೆಸರೂ ಇಂದು ಯಾರ ಬಾಯಲ್ಲೂ ಇಲ್ಲ. ಉಳಿದದ್ದು ಬರವಣಿಗೆಯ ಬಲದಿಂದ. ಕಂತುಗಳಿಗೆ ಮಿತಿಯಿತ್ತು, ವಾರಕ್ಕೊಮ್ಮೆ ಪ್ರಸಾರ. ಹಾಗಾಗಿ ಕಥೆಯನ್ನು ರಬ್ಬರಿನಂತೆ ಎಳೆಯುವ ಒತ್ತಡ ಕಡಿಮೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಇದಕ್ಕೆ ನಮ್ಮದೇ ಸಾಕ್ಷಿ: ಹೆಚ್ಚಿನ ಕಥೆಗಳು ಒಂದೇ ಕಂತಿನಲ್ಲಿ ಮುಗಿಯುತ್ತಿದ್ದವು. ಹಾಗೆಂದು ಅಂದಿನದೆಲ್ಲ ಚಿನ್ನವೂ ಅಲ್ಲ. ಸರ್ಕಾರಿ ಮಾಧ್ಯಮವಾದ್ದರಿಂದ ಅಧಿಕಾರವನ್ನು ನೇರವಾಗಿ ಕೆಣಕುವುದು ಕಷ್ಟವೇ ಇತ್ತು. ಆದರೂ ವಾಗ್ಲೆಯ ಮನೆ ಮಾತ್ರ ಹಳತಾಗಲಿಲ್ಲ. 2021ರಲ್ಲಿ ಸೋನಿ ಸಬ್ ಅದನ್ನು ಹೊಸ ತಲೆಮಾರಿನೊಂದಿಗೆ ಮತ್ತೆ ತಂದಾಗ, ಅಂಜನ್ ಶ್ರೀವಾಸ್ತವ ಮತ್ತು ಭಾರತಿ ಆಚರೇಕರ್ ಅದೇ ಮನೆಯ ಹಿರಿಯರಾಗಿ ಮರಳಿದರು.