ಬಿಸಿನೀರು ಹಾಕಿದ್ರೆ ಬಾಟಲಿ ಯಾಕೆ ಸೊಟ್ಟಗಾಗ್ತದೆ?

ರಾಯಚೂರಿನಲ್ಲಿ ನೀರು ಕಾಯಿಸಿ ಕುಡಿಯೋದು ಶೋಕಿ ಅಲ್ಲ. 2022ರ ಬೇಸಿಗೆಯಲ್ಲಿ ನಗರದ ಕಲುಷಿತ ನಲ್ಲಿ ನೀರು ಕುಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು. ಆಮೇಲೆ ನಮ್ಮ ಬಳಗದ ಮನೆಗಳಲ್ಲೆಲ್ಲ ಬೆಳಗಾದರೆ ಒಲೆ ಮೇಲೆ ನೀರಿನ ಪಾತ್ರೆ. ಒಳ್ಳೆಯದೇ. ಆದರೆ ಕಾಯಿಸಿದ ನೀರು ಆರೋವರೆಗೂ ಕಾಯೋ ಪುರುಸೊತ್ತು ಯಾರಿಗಿದೆ? ಮಾನ್ವಿಯ ಚಿಕ್ಕಮ್ಮ ಅದನ್ನು ಹಾಗೇ ಖಾಲಿ ಕೋಲಾ ಬಾಟಲಿಗೆ ಸುರೀತಾಳೆ. ದೇವದುರ್ಗದಲ್ಲಿ ಅವ್ವ ಹೊಲಕ್ಕೆ ಚಹಾ ಕಳಿಸೋದೂ ಅದರಲ್ಲೇ. ಬಾಟಲಿ ಕುಗ್ಗಿ, ಸೊಂಟ ತಿರುಚಿಕೊಂಡು ನಿಲ್ತದೆ. "ಕಂಪನಿಯವ್ರು ಭಾಳ ತೆಳ್ಳಗ ಮಾಡ್ಯಾರ" ಅನ್ನೋದು ಅವ್ವನ ತೀರ್ಪು.

ತೆಳ್ಳಗಿರೋದೊಂದೇ ಕಾರಣ ಅಲ್ಲ. ಆ ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್ಕಿನದು. ಗಾಜಿನಂತೆ ಕಾಣುವ ಪ್ರತಿ ಪ್ಲಾಸ್ಟಿಕ್ಕಿಗೂ ಒಂದು ಉಷ್ಣತೆ ಇರುತ್ತದೆ. ಅದನ್ನು ದಾಟಿದರೆ ಒಳಗಿನ ಉದ್ದುದ್ದ ಅಣುಸರಪಳಿಗಳು ಕದಲೋಕೆ ಶುರುಮಾಡ್ತವೆ, ವಸ್ತು ಮೆತ್ತಗಾಗುತ್ತದೆ. ಪೆಟ್‌ಗೆ ಇದು 70ರಿಂದ 80 ಡಿಗ್ರಿ ಸೆಲ್ಸಿಯಸ್. ಈಗಷ್ಟೇ ಕುದ್ದ ನೀರು 100ರ ಹತ್ತಿರ. ಮೇಲಾಗಿ ಈ ಬಾಟಲಿ ತಯಾರಾಗೋದೇ ಬಿಸಿ ಮಾಡಿ, ಹಿಗ್ಗಿಸಿ, ಗಾಳಿ ಊದಿ, ಹಾಗೇ ತಣ್ಣಗಾಗಿಸಿ. ಎಳೆದು ಹಿಡಿದಿದ್ದ ಸರಪಳಿಗಳು ಶಾಖ ಸಿಕ್ಕ ತಕ್ಷಣ ಮುದುಡಿಕೊಳ್ತವೆ. ಬರೀ ಸೊಟ್ಟಗಾದರೆ ಪರವಾಗಿಲ್ಲ ಅನ್ನಬಹುದಿತ್ತು. ಪೆಟ್ ತಯಾರಿಸುವಾಗ ಸಾಮಾನ್ಯವಾಗಿ ಆಂಟಿಮನಿ ಎಂಬ ಲೋಹಧಾತುವಿನ ಸಂಯುಕ್ತವನ್ನು ವೇಗವರ್ಧಕವಾಗಿ ಬಳಸ್ತಾರೆ. ಸಾಧಾರಣ ಉಷ್ಣತೆಯಲ್ಲಿ ಅದು ನೀರಿಗೆ ಇಳಿಯೋದು ತೀರಾ ಕಡಿಮೆ, ಬಿಸಿ ಏರಿದಂತೆ ಹೆಚ್ಚಾಗುತ್ತದೆ. ಅವ್ವನಿಗೆ ಸ್ಟೀಲ್ ಬಾಟಲಿ ತಂದುಕೊಟ್ಟೆ. "ಒಳಗ ಎಷ್ಟು ಉಳಿದದ ಅಂತ ಕಾಣಂಗಿಲ್ಲಲ್ಲ" ಅಂದಳು. ನ್ಯಾಯವಾದ ಮಾತೇ. ಪಾರದರ್ಶಕವೂ ಆಗಿರಬೇಕು, ಕುದಿವ ನೀರಿಗೂ ಬಗ್ಗಬಾರದು. ರಸಾಯನಶಾಸ್ತ್ರಜ್ಞರು ದಶಕಗಳಿಂದ ತಲೆ ಕೆಡಿಸಿಕೊಂಡಿರೋದೂ ಇದೇ ಬೇಡಿಕೆಗೆ.

ಬೇಡಿಕೆ ಯಾಕೆ ಕಷ್ಟ? ಪಾಲಿಪ್ರೊಪಿಲೀನ್ ಡಬ್ಬಿ ನೋಡಿ, ಬಿಸಿ ಸಾರು ಹಾಕಿದರೂ ತಡೀತದೆ. ಆದರೆ ಅದರ ಸರಪಳಿಗಳು ಅಲ್ಲಲ್ಲಿ ಸಾಲುಗಟ್ಟಿ ಹರಳಾಗ್ತವೆ, ಆ ಹರಳುಗಳು ಬೆಳಕನ್ನು ಚದುರಿಸ್ತವೆ. ಅದಕ್ಕೇ ಆ ಹಾಲಿನಂಥ ಮಸುಕು. ಹರಳುಗಟ್ಟದ ಪಾಲಿಸ್ಟೈರೀನ್, ಅಕ್ರಿಲಿಕ್ ಸ್ವಚ್ಛವಾಗಿ ಕಾಣ್ತವೆ, ಆದರೆ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗ್ತವೆ. ಹರಳೂ ಆಗಬಾರದು, ಸರಪಳಿಯೂ ಬಿಗಿಯಾಗಿರಬೇಕು.

ಇಲ್ಲಿ ಬರೋದೇ ಒಂದು ಬಿಟ್ಟು ಒಂದು ಪೋಣಿಸುವ ಉಪಾಯ. ತಾಳಿಸರದಲ್ಲಿ ಒಂದು ಕರಿಮಣಿ, ಒಂದು ಗುಂಡು, ಮತ್ತೆ ಕರಿಮಣಿ ಇರ್ತದಲ್ಲ, ಹಾಗೆ ಎರಡು ಬೇರೆ ಬೇರೆ ಅಣುಗಳು ಸರದಿ ತಪ್ಪದೆ ಸೇರುತ್ತವೆ. ಕೋಡ್ ಬರೆಯುವ ನನಗೆ ಮಜಾ ಅನ್ನಿಸಿದ್ದು ಏನೆಂದರೆ, ಈ ಸರದಿಯನ್ನು ನಡೆಸೋಕೆ ಮೇಲೊಬ್ಬ ಮ್ಯಾನೇಜರ್ ಇಲ್ಲ. ಸ್ಟೈರೀನ್ ಮತ್ತು ಮೆಲೇಯಿಕ್ ಅನ್‌ಹೈಡ್ರೈಡ್ ತಗೊಳ್ಳಿ. ಒಂದಕ್ಕೆ ಎಲೆಕ್ಟ್ರಾನ್ ಸಮೃದ್ಧಿ, ಇನ್ನೊಂದಕ್ಕೆ ಕೊರತೆ. ಮೆಲೇಯಿಕ್ ಅನ್‌ಹೈಡ್ರೈಡ್ ತನ್ನ ಜಾತಿಯದರ ಜೊತೆ ಕೂಡೋಕೆ ಒಪ್ಪೋದೇ ಇಲ್ಲ ಅನ್ನಬಹುದು. ಸ್ಟೈರೀನ್ ತುದಿಗೂ ಪಕ್ಕದ ಸ್ಟೈರೀನ್‌ಗಿಂತ ಇದೇ ಇಷ್ಟ. ನಮ್ಮಲ್ಲಿ ಒಂದೇ ಬೆಡಗಿನೊಳಗೆ ಸಂಬಂಧ ಬೆಳೆಸಲ್ಲ ಅಂತಾರಲ್ಲ, ಹೆಚ್ಚುಕಡಿಮೆ ಅದೇ ನಿಯಮ. ಫಲವಾಗಿ ಸರಪಳಿಯ ಉದ್ದಕ್ಕೂ ಬಿಗಿಯಾದ ಉಂಗುರಗಳು ಕೂತುಬಿಡ್ತವೆ, ಅದು ತಿರುಗೋದು ಬಾಗೋದು ಕಷ್ಟವಾಗುತ್ತದೆ. ಸ್ಟೈರೀನ್ ಒಂದೇ ಇದ್ದಾಗ 100 ಡಿಗ್ರಿ ಇದ್ದದ್ದು ಈ ಜೋಡಿಯಲ್ಲಿ 200 ದಾಟುತ್ತದೆ. ಆದರೆ ಹೀಗೆ ಅರ್ಧಕ್ಕರ್ಧ ಸೇರಿದ ವಸ್ತು ಪೆಡಸು, ಅಚ್ಚು ಹಾಕೋದೂ ಕಷ್ಟ. ಗಟ್ಟಿ ವಸ್ತು ಬೇಕಾದಾಗ ಮೆಲೇಯಿಕ್ ಪಾಲನ್ನು ತಗ್ಗಿಸಿ ಬಳಸ್ತಾರೆ.

ನನಗೆ ಇನ್ನೂ ಅಚ್ಚರಿ ತಂದದ್ದು ಐಸೊಬ್ಯೂಟೀನ್ ಕಥೆ. ಟಯರಿನ ಟ್ಯೂಬ್ ಮಾಡುವ ಬ್ಯೂಟೈಲ್ ರಬ್ಬರಿನ ಮುಖ್ಯ ಕಚ್ಚಾವಸ್ತು ಅದೇ. ಅದೊಂದನ್ನೇ ಪೋಣಿಸಿದರೆ ಸಿಗೋದು ಅಂಟಂಟು, ಮೆತ್ತನೆಯ ಮುದ್ದೆ. ಅದೇ ಐಸೊಬ್ಯೂಟೀನನ್ನು ಮೆಲೇಯಿಮೈಡ್ ಎಂಬ ಉಂಗುರದಣುವಿನ ಜೊತೆ ಒಂದು ಬಿಟ್ಟು ಒಂದು ಸೇರಿಸಿದರೆ 150 ಡಿಗ್ರಿ ಆಸುಪಾಸಿನವರೆಗೂ ಬಗ್ಗದ, ಗಾಜಿನಷ್ಟು ಸ್ವಚ್ಛ ಪ್ಲಾಸ್ಟಿಕ್ ಬರುತ್ತದೆ. 1990ರ ದಶಕದಲ್ಲಿ ಜಪಾನಿನಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆಯಿತು.

ಇದೇ ಬಳಗದ ಇನ್ನೊಂದು ವಸ್ತು ಈಗ ನಿಮ್ಮ ಕೈಯಲ್ಲೇ ಇರಬಹುದು. ಹಾಲಿನ ಪ್ಯಾಕೆಟ್ಟಿನ ಪಾಲಿಥಿನ್‌ಗೆ ಮೂಲವಾದ ಎಥಿಲೀನ್ ಜೊತೆ ನಾರ್ಬೋರ್ನೀನ್ ಎಂಬ ಬಿಗಿ ಉಂಗುರವನ್ನು ಸೇರಿಸ್ತಾರೆ. ಸೂಕ್ತ ವೇಗವರ್ಧಕ ಇದ್ದರೆ ಇವೂ ಬಹುಮಟ್ಟಿಗೆ ಸರದಿಯಲ್ಲೇ ಕೂರ್ತವೆ. ನೀರು ಹೀರದ ಈ ಪ್ಲಾಸ್ಟಿಕ್ ಮೊಬೈಲ್ ಕ್ಯಾಮೆರಾ ಲೆನ್ಸುಗಳಿಗೆ ಹೋಗುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಬಹುದು. ಅಲ್ಲಿಟ್ಟ ಫೋನಿನ ಬ್ಯಾಟರಿ ಕೈಕೊಟ್ಟೀತು, ಲೆನ್ಸ್ ಮಾತ್ರ ಕರಗಲ್ಲ.

ಒಂದು ತಕರಾರು ಮಾತ್ರ ಉಳೀತದೆ. ಪೆಟ್ ಕೂಡ ಆಮ್ಲ, ಗ್ಲೈಕಾಲ್ ಅಂತ ಸರದಿಯಲ್ಲೇ ಪೋಣಿಸಿದ್ದು, ಹಾಗಾದರೆ ಅದೇಕೆ ಬಾಗಿತು? ಅದರ ಗ್ಲೈಕಾಲ್ ಕೊಂಡಿ ತುಂಬಾ ಸಡಿಲ. ಸರದಿಯಷ್ಟೇ ಸಾಲದು, ಸರದಿಯಲ್ಲಿ ಕೂರುವವರೂ ಬಿಗಿ ಇರಬೇಕು. ಟ್ರೈಟಾನ್ ಬಾಟಲಿಗಳಲ್ಲಿ ಆ ಕೊಂಡಿಯ ಜಾಗಕ್ಕೆ ಉಂಗುರವಿರುವ ಅಣುಗಳನ್ನು ತಂದು 100 ಡಿಗ್ರಿ ದಾಟಿಸಿದ್ದಾರೆ, ಬೆಲೆಯೂ ಅದಕ್ಕೆ ತಕ್ಕಂತೆ. ಪಾಲಿಕಾರ್ಬೊನೇಟ್ 147ರ ತನಕ ತಡೆಯುತ್ತದೆ. ಆದರೆ ಅದರೊಳಗಿರೋದು ಬಿಸ್ಫೆನಾಲ್-ಎ. ಹಾಲುಣಿಸುವ ಬಾಟಲಿಗಳಲ್ಲಿ ಅದನ್ನು ಯುರೋಪ್ 2011ರಲ್ಲೇ ನಿಷೇಧಿಸಿತು, 2024ರ ಡಿಸೆಂಬರ್‌ನಲ್ಲಿ ಆಹಾರ ತಾಗುವ ವಸ್ತುಗಳಿಗೂ ನಿಷೇಧ ವಿಸ್ತರಿಸಿತು.

ಹಾಗಾಗಿ ಬಾಟಲಿ ಬುಡ ತಿರುಗಿಸಿ ನೋಡಿ. ತ್ರಿಕೋನದೊಳಗೆ 1 ಅಂತಿದ್ದರೆ ಅದು ಪೆಟ್, ಆರಿದ ನೀರಿಗೆ ಮಾತ್ರ. 5 ಅಂದರೆ ಪಾಲಿಪ್ರೊಪಿಲೀನ್, ಬಿಸಿ ತಡೀತದೆ. 7 ಅಂದರೆ 'ಇತರೆ', ಪಾಲಿಕಾರ್ಬೊನೇಟೂ ಅಲ್ಲೇ, ಟ್ರೈಟಾನೂ ಅಲ್ಲೇ, ಲೇಬಲ್ ಓದದೆ ಗೊತ್ತಾಗಲ್ಲ. 20 ಲೀಟರಿನ ನೀಲಿ ಕ್ಯಾನುಗಳಲ್ಲಿ ಪೆಟ್ಟಿನವೂ ಇವೆ, ಪಾಲಿಕಾರ್ಬೊನೇಟಿನವೂ ಇವೆ. ಅಂಗಡಿ ಮುಂದೆ ಮಧ್ಯಾಹ್ನದ ಬಿಸಿಲಿಗೆ ಸಾಲಾಗಿ ಇಟ್ಟದ್ದನ್ನು ಬಿಟ್ಟು, ಒಳಗೆ ನೆರಳಲ್ಲಿರೋದನ್ನೇ ಕೊಡಿ ಅಂತ ಕೇಳಿ. ಕೊಡ್ತಾರೆ.